ಜೀವಕೋಶದ ಪೊರೆ ಜರಡಿಯಲ್ಲ, ಆ ಚುಕ್ಕಿ ಗೆರೆ ಅಳಿಸಿಬಿಡಿ

ಮಾನ್ಯ ಸಂಪಾದಕರೇ,

ಮೊನ್ನೆ ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಜೀವಕೋಶದ ಬಗ್ಗೆ ಒಂದು ಲೇಖನ ಬಂದಿತ್ತು. ಭಾಷೆ ಚೆನ್ನಾಗಿತ್ತು, ಮಕ್ಕಳಿಗೆ ಅರ್ಥ ಆಗುವ ಹಾಗಿತ್ತು. ಅದಕ್ಕೆ ಮೊದಲೇ ಧನ್ಯವಾದ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯೋದೆಲ್ಲ ತಕರಾರೇ.

ಲೇಖನದ ಪಕ್ಕ ಒಂದು ಚಿತ್ರ ಇತ್ತು. ಚುಕ್ಕಿ ಗೆರೆಯಲ್ಲಿ ಬರೆದ ಒಂದು ವೃತ್ತ. ಚುಕ್ಕಿಗಳ ಸಂದಿಯಲ್ಲಿ ಸಣ್ಣ ಗುಂಡುಗಳು ಒಳಗೆ ನುಗ್ಗುತ್ತಿದ್ದವು, ದೊಡ್ಡ ಗುಂಡುಗಳು ಹೊರಗೇ ನಿಂತಿದ್ದವು. ಕೆಳಗೆ ಎರಡು ಸಾಲು: ಜೀವಕೋಶದ ಪೊರೆ ಜರಡಿಯಂತೆ ಕೆಲಸ ಮಾಡುತ್ತದೆ, ಬೇಕಾದ್ದನ್ನು ಒಳಗೆ ಬಿಡುತ್ತದೆ, ಬೇಡವಾದ್ದನ್ನು ತಡೆಯುತ್ತದೆ.

ಎರಡು ಸಾಲು, ಎರಡೂ ತಪ್ಪು. ಹಾಗಂತ ಬರೆದವರನ್ನು ಬೈಯುತ್ತಿಲ್ಲ. ನಾನೂ ಇದನ್ನೇ ಹೇಳಿಕೊಟ್ಟವನು. ಪ್ರಯೋಗಾಲಯದಲ್ಲಿ ಬಹಳ ವರ್ಷ ಕೆಲಸ ಮಾಡಿದೆ, ಮೊದಲು ರಕ್ತ ಪರೀಕ್ಷೆಯ ಕಡೆ, ಆಮೇಲೆ ಕಾಲೇಜು ಹುಡುಗರಿಗೆ ಪ್ರಯೋಗ ಮಾಡಿಸುವ ಕಡೆ. ವರ್ಷಗಟ್ಟಲೆ ಬೋರ್ಡಿನ ಮೇಲೆ ಅದೇ ಚುಕ್ಕಿ ಗೆರೆ ಎಳೆದಿದ್ದೇನೆ. ಅದು ತಪ್ಪು ಅಂತ ಗೊತ್ತಾಗಿದ್ದು ಪುಸ್ತಕ ಓದಿ ಅಲ್ಲ, ಒಬ್ಬ ಹುಡುಗಿ ಕೇಳಿದ ಪ್ರಶ್ನೆಯಿಂದ. ಅದನ್ನು ಹೇಳುವ ಮುಂಚೆ ನನ್ನದೇ ಒಂದು ಎಡವಟ್ಟು ಹೇಳಬೇಕು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೆಂಪು ರಕ್ತಕಣಗಳನ್ನು ತೊಳೆಯಲು ಹೇಳಿದ್ದರು. ಲೀಟರಿಗೆ 9 ಗ್ರಾಂ ಉಪ್ಪು ಹಾಕಿದ ನೀರಿನಲ್ಲಿ ತೊಳೆಯಬೇಕು. ನಾನು ಪಕ್ಕದ ಬಾಟಲಿ ಎತ್ತಿಕೊಂಡೆ, ಅದರಲ್ಲಿದ್ದದ್ದು ಬಟ್ಟಿ ಇಳಿಸಿದ ನೀರು. ನೋಡೋಕೆ ಎರಡೂ ಒಂದೇ ಅಲ್ವಾ. ರಕ್ತಕಣ ನೆಟ್ಟಗಿರುವ ಟ್ಯೂಬು ಮಬ್ಬಾಗಿರುತ್ತದೆ, ಕೆಂಪು ಮಣ್ಣು ಕದಡಿದ ನೀರಿನ ಹಾಗೆ. ನನ್ನ ಟ್ಯೂಬು ಒಂದು ಕ್ಷಣದಲ್ಲಿ ತಿಳಿಯಾಯಿತು. ಕೆಂಪಗೆ, ಗಾಜಿನ ಹಾಗೆ, ಎಷ್ಟು ಚೆನ್ನಾಗಿದೆ ಅಂದುಕೊಂಡೆ. ಅಲ್ಲಿದ್ದ ಹಿರಿಯರು ಏನೂ ಮಾತಾಡಲಿಲ್ಲ. ಮೇಜಿನ ಮೇಲಿದ್ದ ಪತ್ರಿಕೆಯ ಹಾಳೆಯನ್ನು ಟ್ಯೂಬಿನ ಹಿಂದೆ ಹಿಡಿದು, 'ಓದು' ಅಂದರು. ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತಿದ್ದವು. 'ಅಕ್ಷರ ಕಾಣಿಸಿತು ಅಂದರೆ ಕಣಗಳೆಲ್ಲ ಸತ್ತವು' ಅಂದರು.

ನಡೆದದ್ದು ಇಷ್ಟೇ. ಹೊರಗೆ ಬರೀ ನೀರು, ಕಣದ ಒಳಗೆ ಉಪ್ಪು, ಪ್ರೋಟೀನ್ ಎಲ್ಲ ತುಂಬಿರುತ್ತದೆ. ನೀರು ಒಳಗೆ ನುಗ್ಗಿತು, ನಡುವೆ ತಗ್ಗಿರುವ ಬಿಲ್ಲೆಯಂಥ ಕಣ ಉಬ್ಬಿ ಗುಂಡಗಾಯಿತು. ಪೊರೆ ರಬ್ಬರಿನ ಹಾಗೆ ಹಿಗ್ಗೋದಿಲ್ಲ, ಬಿರಿಯಿತು. ಒಳಗಿನ ಹಿಮೋಗ್ಲೋಬಿನ್ ನೀರಿಗೆ ಬಂತು. ಶಾಲೆಯಲ್ಲಿ ಅಭಿಸರಣೆ ಅಂತ ಓದುತ್ತೇವಲ್ಲ, ಅದೇ ಇದು. ಬರೀ ನೀರನ್ನು ರಕ್ತನಾಳಕ್ಕೆ ಡ್ರಿಪ್ ಹಾಕಬಾರದು ಅನ್ನೋದೂ ಇದಕ್ಕೇ.

ಆಮೇಲೆ ಕಾಲೇಜಿಗೆ ಬಂದಾಗ ಇದನ್ನೇ ಒಂದು ಪ್ರಯೋಗ ಮಾಡಿಸುತ್ತಿದ್ದೆ. ನಾಲ್ಕು ಟ್ಯೂಬು. ಒಂದರಲ್ಲಿ ಉಪ್ಪು, ಒಂದರಲ್ಲಿ ಸಕ್ಕರೆ, ಒಂದರಲ್ಲಿ ಗ್ಲಿಸರಾಲ್, ಒಂದರಲ್ಲಿ ಯೂರಿಯಾ. ನಾಲ್ಕರಲ್ಲೂ ನೀರಿನಲ್ಲಿ ಕರಗಿದ ವಸ್ತುವಿನ ಕಣಗಳ ಎಣಿಕೆ ಹೆಚ್ಚೂಕಮ್ಮಿ ಒಂದೇ ಇರುವ ಹಾಗೆ ತೂಕ ಮಾಡಿ ಹಾಕಬೇಕು: ಲೀಟರಿಗೆ ಉಪ್ಪು 9 ಗ್ರಾಂ ಸಾಕು, ಯೂರಿಯಾ 18, ಗ್ಲಿಸರಾಲ್ ಸುಮಾರು 28, ಸಕ್ಕರೆ 100 ಗ್ರಾಂ ದಾಟುತ್ತದೆ. ಎಲ್ಲದಕ್ಕೂ ಒಂದೊಂದು ಹನಿ ರಕ್ತ, ಹಿಂದೆ ಒಂದು ಅಚ್ಚಾದ ಹಾಳೆ. ಲೆಕ್ಕದ ಪ್ರಕಾರ ನಾಲ್ಕೂ ಮಬ್ಬಾಗೇ ಉಳಿಯಬೇಕು, ಯಾಕೆಂದರೆ ಒಳಗೂ ಹೊರಗೂ ಸಮ. ಆದರೆ ಉಪ್ಪು ಮತ್ತು ಸಕ್ಕರೆ ಮಾತ್ರ ಮಬ್ಬಾಗಿ ಉಳಿಯುತ್ತವೆ. ಯೂರಿಯಾ ಟ್ಯೂಬಿನ ಹಿಂದೆ ಅಕ್ಷರ ಥಟ್ಟನೆ ಕಾಣಿಸಿಬಿಡುತ್ತದೆ, ಕೈಗಡಿಯಾರ ನೋಡುವಷ್ಟೂ ಪುರುಸೊತ್ತು ಕೊಡೋದಿಲ್ಲ. ಗ್ಲಿಸರಾಲ್ ಸ್ವಲ್ಪ ಕಾಯಿಸಿ, ಮಬ್ಬು ತೆಳುವಾಗುತ್ತಾ ಬಂದು, ಅದೂ ತಿಳಿಯಾಗುತ್ತದೆ. ಯೂರಿಯಾ, ಗ್ಲಿಸರಾಲ್ ಎರಡೂ ಪೊರೆ ದಾಟಿ ಒಳಗೆ ಹೋದವು, ಅವುಗಳ ಹಿಂದೆ ನೀರೂ ಹೋಯಿತು, ಕಣ ಒಡೆಯಿತು.

ನಾನು ಎಂದಿನ ಹಾಗೆ, 'ನೋಡಿ, ಯೂರಿಯಾ ಸಣ್ಣದು, ಬೇಗ ಹೋಯಿತು. ಗ್ಲಿಸರಾಲ್ ಅದಕ್ಕಿಂತ ದೊಡ್ಡದು, ನಿಧಾನ. ಸಕ್ಕರೆ ತೀರಾ ದೊಡ್ಡದು, ಹೋಗಲೇ ಇಲ್ಲ. ಜರಡಿ' ಅಂದೆ. ಹಿಂದಿನ ಸಾಲಿನ ಹುಡುಗಿ ಕೇಳಿದಳು, 'ಹಾಗಾದ್ರೆ ಉಪ್ಪು?'

ಅವಳು ಕೇಳಿದ್ದು ಸರಿಯೇ. ಯೂರಿಯಾದ ಅಣುತೂಕ 60. ಗ್ಲಿಸರಾಲ್ 92. ಉಪ್ಪು ನೀರಿನಲ್ಲಿ ಕರಗಿದರೆ ಸೋಡಿಯಂ, ಕ್ಲೋರೈಡ್ ಅಂತ ಬೇರೆ ಬೇರೆ ಆಗುತ್ತದೆ, ಸೋಡಿಯಂ 23, ಕ್ಲೋರೈಡ್ ಮೂವತ್ತೈದೂವರೆ. ನಾಲ್ಕು ಟ್ಯೂಬುಗಳಲ್ಲಿ ಎಲ್ಲಕ್ಕಿಂತ ಸಣ್ಣದು ಅದೇ. ಜರಡಿ ಆಗಿದ್ದರೆ ಎಲ್ಲಕ್ಕಿಂತ ಮೊದಲು ಆ ಟ್ಯೂಬು ತಿಳಿಯಾಗಬೇಕಿತ್ತು. ಅಷ್ಟು ವರ್ಷ ಆ ಟ್ಯೂಬನ್ನು ನಾನೇ ಕೈಯಲ್ಲಿ ಹಿಡಿದು ತೋರಿಸಿದ್ದೆ, ಒಂದು ಸಲವೂ ಹೊಳೆದಿರಲಿಲ್ಲ. ಅವತ್ತು 'ನಾಳೆ ಹೇಳ್ತೀನಿ' ಅಂತ ಜಾರಿಕೊಂಡೆ.

ಮರುದಿನ ಹೇಳಿದ್ದನ್ನೇ ಈಗ ನಿಮ್ಮ ಓದುಗರಿಗೂ ಹೇಳುತ್ತೇನೆ. ಪೊರೆ ಅನ್ನೋದು ತೂತಿರುವ ಬಟ್ಟೆ ಅಲ್ಲ, ಅದೊಂದು ಎಣ್ಣೆಯ ಪದರ. ಲಿಪಿಡ್ ಎನ್ನುವ ಕೊಬ್ಬಿನ ಅಣುಗಳು ಎರಡು ಸಾಲಾಗಿ ನಿಂತಿರುತ್ತವೆ. ನೀರನ್ನು ಇಷ್ಟಪಡುವ ತಲೆಗಳು ಹೊರಮುಖ, ನೀರನ್ನು ಕಂಡರಾಗದ ಬಾಲಗಳು ಒಳಮುಖ. ಪ್ರೋಟೀನುಗಳನ್ನೂ ಸೇರಿಸಿ ದಪ್ಪ ಸುಮಾರು 7ರಿಂದ 8 ನ್ಯಾನೋಮೀಟರ್. ಒಂದು ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿದರೆ ಒಂದು ಪಾಲಿಗೆ ನ್ಯಾನೋಮೀಟರ್ ಅನ್ನುತ್ತಾರೆ, ಅಂಥದ್ದು ಏಳೆಂಟು. ಇಷ್ಟು ತೆಳುವಾದ ಎಣ್ಣೆಯನ್ನು ದಾಟೋದಕ್ಕೆ ಮೊದಲ ಪ್ರಶ್ನೆ 'ನೀನೆಷ್ಟು ದೊಡ್ಡವನು' ಅಂತಲ್ಲ, 'ನೀನು ಎಣ್ಣೆಯಲ್ಲಿ ಕರಗ್ತೀಯಾ' ಅಂತ. ಸೋಡಿಯಂ ಅಯಾನಿಗೆ ವಿದ್ಯುದಾವೇಶ ಇದೆ. ನೀರಿನ ಅಣುಗಳು ಅದಕ್ಕೆ ಮುತ್ತಿಕೊಂಡಿರುತ್ತವೆ. ಅವನ್ನೆಲ್ಲ ಕಳಚಿಟ್ಟು ಎಣ್ಣೆಗೆ ಇಳಿಯಬೇಕಾದರೆ ಎಷ್ಟು ಶಕ್ತಿ ಬೇಕೆಂದರೆ, ಅದು ಇಳಿಯೋದೇ ಇಲ್ಲ ಅಂದುಕೊಳ್ಳಬಹುದು. ಇನ್ನೊಂದು ಕಡೆ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನ್ ತಗೊಳ್ಳಿ. ಅಣುತೂಕ 288, ಸೋಡಿಯಂನ ಹನ್ನೆರಡು ಪಟ್ಟಿಗಿಂತ ಜಾಸ್ತಿ. ಆದರೆ ಕೊಬ್ಬಿನ ಜಾತಿಯದ್ದು, ಯಾರ ಅಪ್ಪಣೆಯೂ ಇಲ್ಲದೆ ಪೊರೆ ದಾಟಿ ಒಳಗೆ ಹೋಗುತ್ತದೆ. ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್ ಕೂಡ ಹಾಗೇ.

ಇದು ಹೊಸ ವಿಷಯ ಏನಲ್ಲ. 1890ರ ದಶಕದಲ್ಲೇ ಅರ್ನೆಸ್ಟ್ ಓವರ್ಟನ್ ಎಂಬಾತ ನೂರಾರು ವಸ್ತುಗಳನ್ನು ಜೀವಕೋಶಗಳ ಮೇಲೆ ಪರೀಕ್ಷೆ ಮಾಡಿ, ಎಣ್ಣೆಯಲ್ಲಿ ಚೆನ್ನಾಗಿ ಕರಗುವಂಥದ್ದು ಬೇಗ ಒಳಗೆ ಹೋಗುತ್ತದೆ ಅಂತ ತೋರಿಸಿದ್ದ. 1925ರಲ್ಲಿ ನೆದರ್‌ಲೆಂಡ್ಸ್‌ನ ಗಾರ್ಟರ್ ಮತ್ತು ಗ್ರೆಂಡೆಲ್ ರಕ್ತಕಣಗಳ ಕೊಬ್ಬನ್ನೆಲ್ಲ ತೆಗೆದು ನೀರಿನ ಮೇಲೆ ಒಂದೇ ಪದರವಾಗಿ ಹರಡಿದರು. ಆ ಹರವು ಕಣಗಳ ಮೇಲ್ಮೈಯ ಎರಡರಷ್ಟು ಬಂತು, ಹಾಗಾಗಿ ಪೊರೆಯಲ್ಲಿ ಎರಡು ಪದರ ಇದೆ ಅಂದರು. ತಮಾಷೆ ಏನು ಗೊತ್ತಾ, ಅವರು ಎರಡು ತಪ್ಪು ಮಾಡಿದ್ದರು. ಕೊಬ್ಬನ್ನು ಪೂರ್ತಿ ತೆಗೆದಿರಲಿಲ್ಲ, ಕಣದ ಮೇಲ್ಮೈಯನ್ನೂ ಕಮ್ಮಿ ಲೆಕ್ಕ ಹಾಕಿದ್ದರು. ಒಂದು ತಪ್ಪು ಇನ್ನೊಂದನ್ನು ಸರಿದೂಗಿಸಿ ಉತ್ತರ ಸರಿಯಾಗಿ ಬಂತು. ನಮ್ಮ ಪರೀಕ್ಷೆಗಳಲ್ಲಿ ಹೀಗೆ ಉತ್ತರ ಬಂದರೆ ಅಂಕ ಕೊಡೋದಿಲ್ಲ.

ಎಣ್ಣೆ ಅಂದ ಮೇಲೆ ಅದು ಹರಿಯಲೂ ಬೇಕು. 1970ರಲ್ಲಿ ಫ್ರೈ ಮತ್ತು ಎಡಿಡಿನ್ ಇಲಿಯ ಒಂದು ಕೋಶವನ್ನೂ ಮನುಷ್ಯನ ಒಂದು ಕೋಶವನ್ನೂ ಬೆಸೆದು ಒಂದು ಮಾಡಿದರು. ಒಂದರ ಪ್ರೋಟೀನಿಗೆ ಹಸಿರು ಬಣ್ಣ, ಇನ್ನೊಂದಕ್ಕೆ ಕೆಂಪು. ಶುರುವಿನಲ್ಲಿ ಅರ್ಧ ಹಸಿರು, ಅರ್ಧ ಕೆಂಪು. ಸುಮಾರು 40 ನಿಮಿಷದಲ್ಲಿ ಎರಡೂ ಬಣ್ಣ ಎಲ್ಲ ಕಡೆ ಬೆರೆತುಹೋಗಿದ್ದವು. 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಇದನ್ನೆಲ್ಲ ಸೇರಿಸಿ ಒಂದು ಚಿತ್ರ ಕೊಟ್ಟರು: ಕೊಬ್ಬಿನ ಪದರ, ಅದರಲ್ಲಿ ತೇಲುತ್ತಿರುವ ಪ್ರೋಟೀನುಗಳು. ನಾವಿನ್ನೂ ಚುಕ್ಕಿ ಗೆರೆ ಎಳೆಯುತ್ತಾ ಕೂತಿದ್ದೇವೆ.

ಎಣ್ಣೆಯಲ್ಲಿ ಕರಗದ ವಸ್ತುಗಳು ಏನು ಮಾಡಬೇಕು? ಸೋಡಿಯಂ, ಪೊಟ್ಯಾಸಿಯಂ, ಗ್ಲೂಕೋಸ್ ಇಲ್ಲದೆ ಜೀವ ನಡೆಯೋದಿಲ್ಲ. ಅವಕ್ಕೆಲ್ಲ ಬೇರೆ ಬೇರೆ ಬಾಗಿಲುಗಳಿವೆ, ಆ ಬಾಗಿಲುಗಳೇ ಪ್ರೋಟೀನುಗಳು. ನಮ್ಮ ರಕ್ತಕಣದಲ್ಲಿ ಯೂರಿಯಾಕ್ಕೆ ಒಂದು ಬಾಗಿಲಿದೆ, ಗ್ಲಿಸರಾಲ್‌ಗೆ ಒಂದಿದೆ, ಅದಕ್ಕೇ ಆ ಎರಡು ಟ್ಯೂಬು ತಿಳಿಯಾದದ್ದು. ನಾನು ಕೊಟ್ಟಿದ್ದ ಸಣ್ಣದು-ದೊಡ್ಡದು ವಿವರಣೆ ಅಲ್ಲೇ ಬಿದ್ದುಹೋಯಿತು.

ಬಾಗಿಲು ಅಂದರೆ ಆ ತೂತೇ ಅಲ್ವಾ, ಜರಡಿ ಅಂದರೆ ತಪ್ಪೇನು ಅಂತ ಕೆಲವರು ಕೇಳಬಹುದು. ಪೊಟ್ಯಾಸಿಯಂನ ಬಾಗಿಲು ನೋಡಿ. ಸೋಡಿಯಂ ಅಯಾನು ಪೊಟ್ಯಾಸಿಯಂಗಿಂತ ಚಿಕ್ಕದು. ಆದರೂ ಈ ಬಾಗಿಲಿನಲ್ಲಿ ಸುಮಾರು 10,000 ಪೊಟ್ಯಾಸಿಯಂ ದಾಟಿದರೆ ಒಂದು ಸೋಡಿಯಂ ದಾಟಬಹುದು, ಅಷ್ಟೇ. ದೊಡ್ಡದು ಉದುರಿ ಚಿಕ್ಕದು ಮೇಲೆ ಉಳಿಯುವ ಜರಡಿಯನ್ನು ಯಾರಾದರೂ ನೋಡಿದ್ದೀರಾ? ಹೇಗೆ ಅಂತ 1998ರಲ್ಲಿ ರಾಡ್ರಿಕ್ ಮೆಕಿನನ್ ಎಕ್ಸ್-ರೇ ಮೂಲಕ ತೋರಿಸಿದರು. ಬಾಗಿಲಿನ ಇಕ್ಕಟ್ಟಾದ ಜಾಗದಲ್ಲಿ ಸುತ್ತಲೂ ಆಕ್ಸಿಜನ್ ಪರಮಾಣುಗಳಿವೆ. ಪೊಟ್ಯಾಸಿಯಂ ತನ್ನ ಸುತ್ತ ಇದ್ದ ನೀರನ್ನು ಕಳಚಿದ ತಕ್ಷಣ ಆ ಆಕ್ಸಿಜನ್‌ಗಳು ನೀರಿನ ಜಾಗದಲ್ಲೇ ಬಂದು ಹಿಡಿದುಕೊಳ್ಳುತ್ತವೆ, ಅಳತೆ ಅಷ್ಟು ಸರಿಯಾಗಿದೆ. ಸೋಡಿಯಂ ಚಿಕ್ಕದು, ಅದು ಬಂದರೆ ಆಕ್ಸಿಜನ್‌ಗಳಿಗೆ ಎಟುಕೋದಿಲ್ಲ. ಹಿಡಿಯೋರಿಲ್ಲದೆ ನೀರನ್ನು ಯಾಕೆ ಬಿಡಬೇಕು? ಅದು ಹೊರಗೇ ಉಳಿಯುತ್ತದೆ. ಅಲ್ಲಿ ನೋಡೋದು ಅಳತೆ ಹೊಂದುತ್ತಾ ಅಂತ, ಚಿಕ್ಕದಾಗಿದೆಯಾ ಅಂತಲ್ಲ.

ನೀರಿನ ಕಥೆ ಇನ್ನೂ ಚೆನ್ನಾಗಿದೆ. ನೀರು ಎಣ್ಣೆಯ ಪದರವನ್ನು ಸ್ವಲ್ಪಸ್ವಲ್ಪವಾಗಿ ದಾಟುತ್ತದೆ, ಆದರೆ ರಕ್ತಕಣದಲ್ಲಿ, ಮೂತ್ರಪಿಂಡದಲ್ಲಿ ದಾಟುವ ವೇಗಕ್ಕೆ ಅದು ಸಾಲದು. ಅದಕ್ಕೆ ಬೇರೆ ಬಾಗಿಲು ಇರಲೇಬೇಕು ಅಂತ ಎಷ್ಟೋ ಕಾಲದಿಂದ ಅನುಮಾನ ಇತ್ತು, ಸಿಕ್ಕಿರಲಿಲ್ಲ. ಪೀಟರ್ ಆಗ್ರೆ ಎಂಬ ವೈದ್ಯರು ಆರ್‌ಎಚ್ ರಕ್ತಗುಂಪಿನ ಪ್ರೋಟೀನನ್ನು ಹುಡುಕುತ್ತಿದ್ದಾಗ ಜೊತೆಯಲ್ಲಿ ಇನ್ನೊಂದು ಪ್ರೋಟೀನ್ ಸುಮ್ನೆ ಬಂದು ಸೇರಿಕೊಳ್ಳುತ್ತಿತ್ತು. ಕಸ ಅಂತ ಎಸೆಯಬಹುದಿತ್ತು, ಎಸೆಯಲಿಲ್ಲ. 1992ರಲ್ಲಿ ಅವರ ತಂಡ ಕಪ್ಪೆಯ ಮೊಟ್ಟೆಕೋಶಗಳಲ್ಲಿ ಆ ಪ್ರೋಟೀನ್ ತಯಾರಾಗುವ ಹಾಗೆ ಮಾಡಿ, ಉಪ್ಪು ಕಮ್ಮಿ ಇರುವ ನೀರಿಗೆ ಹಾಕಿದರು. ಕಪ್ಪೆಯ ಮೊಟ್ಟೆ ನೀರಿನಲ್ಲೇ ಇರುವಂಥದ್ದು, ಸಾಮಾನ್ಯವಾಗಿ ಅದಕ್ಕೆ ಏನೂ ಆಗೋದಿಲ್ಲ. ಆದರೆ ಈ ಪ್ರೋಟೀನ್ ಇದ್ದ ಮೊಟ್ಟೆಗಳು ಕೆಲವೇ ನಿಮಿಷದಲ್ಲಿ ಉಬ್ಬಿ ಒಡೆದವು. ಇಲ್ಲದವು ಹಾಗೇ ಇದ್ದವು. ಈಗ ಅದಕ್ಕೆ ಅಕ್ವಾಪೊರಿನ್ ಅನ್ನುತ್ತಾರೆ. ಒಂದೊಂದು ಬಾಗಿಲಿನಲ್ಲಿ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣುಗಳು ಒಂದರ ಹಿಂದೆ ಒಂದು ಸಾಲಾಗಿ ದಾಟುತ್ತವೆ. ಅಷ್ಟು ವೇಗದಲ್ಲೂ ಪ್ರೋಟಾನ್ ಮಾತ್ರ ದಾಟೋದಿಲ್ಲ, ಪ್ರೋಟಾನ್ ಅಂದರೆ ಅಯಾನುಗಳಲ್ಲೇ ಎಲ್ಲಕ್ಕಿಂತ ಸಣ್ಣದು! ಆಗ್ರೆ, ಮೆಕಿನನ್ ಇಬ್ಬರಿಗೂ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ನಮ್ಮ ಮೂತ್ರಪಿಂಡ ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಹೆಚ್ಚಿನದನ್ನೆಲ್ಲ ವಾಪಸ್ ಎಳೆದುಕೊಂಡು ಒಂದೆರಡು ಲೀಟರ್ ಮಾತ್ರ ಹೊರಗೆ ಬಿಡುತ್ತದಲ್ಲ, ಅದರಲ್ಲಿ ಈ ಬಾಗಿಲುಗಳ ಪಾಲು ದೊಡ್ಡದು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಿಮ್ಮ ಲೇಖನದಲ್ಲಿ ವಸ್ತುಗಳು 'ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹೋಗುತ್ತವೆ' ಅಂತ ಇತ್ತು. ಅದು ಸರಿ, ವಿಸರಣೆ ಅಂದರೆ ಅದೇ. ಆದರೆ ಓದಿದ ಮಕ್ಕಳು ಅಣುವಿಗೆ ದಿಕ್ಕು ಗೊತ್ತಿದೆ ಅಂದುಕೊಳ್ಳುತ್ತಾರೆ. ಯಾವ ಅಣುವಿಗೂ ಏನೂ ಗೊತ್ತಿಲ್ಲ, ಎಲ್ಲವೂ ಕುರುಡಾಗಿ ಅತ್ತಿತ್ತ ಡಿಕ್ಕಿ ಹೊಡೆಯುತ್ತಿರುತ್ತವೆ, ಜಾಸ್ತಿ ಇರುವ ಕಡೆಯಿಂದ ಜಾಸ್ತಿ ಬರುತ್ತವೆ, ಕಮ್ಮಿ ಇರುವ ಕಡೆಯಿಂದ ಕಮ್ಮಿ ಬರುತ್ತವೆ, ವ್ಯತ್ಯಾಸ ಮಾತ್ರ ನಮಗೆ ಕಾಣೋದು. ಸಮ ಆದ ಮೇಲೂ ಓಡಾಟ ನಿಲ್ಲೋದಿಲ್ಲ. ಏನೂ ನಡೆಯುತ್ತಿಲ್ಲ ಅನ್ನುವ ಹಾಗೆ ಕೂತಿರುವ ರಕ್ತಕಣದಲ್ಲೂ ಪ್ರತಿ ಸೆಕೆಂಡಿಗೆ ಅದರ ಗಾತ್ರದ ಸುಮಾರು 100 ಪಟ್ಟು ನೀರು ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಹೋಗುತ್ತಿರುತ್ತದೆ. ಗಾತ್ರ ಮಾತ್ರ ಬದಲಾಗೋದಿಲ್ಲ.

ಜರಡಿಯ ಮಾತು ಪೂರ್ತಿ ಕೈಕೊಡೋದು ಪಂಪಿನ ಹತ್ತಿರ. ಕೋಶದ ಒಳಗೆ ಪೊಟ್ಯಾಸಿಯಂ ಜಾಸ್ತಿ, ಲೀಟರಿಗೆ ಸುಮಾರು 140 ಮಿಲಿಮೋಲ್ (ಅಣುಗಳ, ಅಯಾನುಗಳ ಎಣಿಕೆಯ ಅಳತೆ ಇದು). ಹೊರಗೆ 4ರಿಂದ 5. ಸೋಡಿಯಂ ಇದಕ್ಕೆ ಉಲ್ಟಾ, ಹೊರಗೆ ಸುಮಾರು 140, ಒಳಗೆ ಹತ್ತು ಹದಿನೈದು. ಜರಡಿ ಇಂಥದ್ದನ್ನು ಮಾಡೋಕೆ ಸಾಧ್ಯವೇ ಇಲ್ಲ. ಇದಕ್ಕೆ ಪೊರೆಯಲ್ಲೇ ಒಂದು ಯಂತ್ರ ಕೂತಿದೆ, ಕೋಶದ ಇಂಧನವಾದ ಎಟಿಪಿ ಎಂಬ ಅಣುವನ್ನು ಖರ್ಚು ಮಾಡಿ ಪ್ರತಿ ಸಲ 3 ಸೋಡಿಯಂ ಹೊರಗೆ ತಳ್ಳಿ 2 ಪೊಟ್ಯಾಸಿಯಂ ಒಳಗೆ ಎಳೆಯುತ್ತದೆ. 1957ರಲ್ಲಿ ಡೆನ್ಮಾರ್ಕ್‌ನ ಯೆನ್ಸ್ ಸ್ಕೌ ಏಡಿಯ ಕಾಲಿನ ನರದಲ್ಲಿ ಇದನ್ನು ಕಂಡುಹಿಡಿದರು, 40 ವರ್ಷ ಆದ ಮೇಲೆ 1997ರಲ್ಲಿ ನೊಬೆಲ್ ಬಂತು. ನೀವು ಕೈಕಾಲು ಆಡಿಸದೆ ಮಲಗಿದ್ದರೂ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ದೊಡ್ಡ ಪಾಲು ಈ ಪಂಪಿಗೇ ಹೋಗುತ್ತದೆ.

ಪಂಪು ನಿಂತರೆ ಏನಾಗುತ್ತದೆ ಅಂತ ನನಗೆ ಗೊತ್ತಾಗಿದ್ದು ಇನ್ನೊಂದು ಎಡವಟ್ಟಿನಿಂದ. ರಕ್ತ ಪರೀಕ್ಷೆಯ ಕಡೆ ಇದ್ದಾಗ ಒಂದು ಸಂಜೆ ಬಂದ ಟ್ಯೂಬನ್ನು ಯಾರೋ ಕಣ ಮತ್ತು ದ್ರವ ಬೇರೆ ಮಾಡದೆ ಹಾಗೇ ಫ್ರಿಜ್‌ಗೆ ಇಟ್ಟು ಹೋಗಿದ್ದರು. ಬೆಳಿಗ್ಗೆ ನಾನು ಪರೀಕ್ಷೆ ಮಾಡಿದೆ. ಪೊಟ್ಯಾಸಿಯಂ ಎಷ್ಟು ಬಂತು ಅಂದರೆ, ಅದು ನಿಜವಾಗಿದ್ದರೆ ಆ ಮನುಷ್ಯನ ಹೃದಯ ನಿಂತುಹೋಗುವ ಅಪಾಯ ಇತ್ತು. ಫೋನು, ಓಡಾಟ, ಗಾಬರಿ. ಮತ್ತೆ ರಕ್ತ ತೆಗೆದು ತಕ್ಷಣ ನೋಡಿದರೆ ಸರಿಯಾಗೇ ಇತ್ತು. ಕಣ ಒಂದೂ ಒಡೆದಿರಲಿಲ್ಲ, ಮೇಲಿನ ದ್ರವ ಒಂಚೂರೂ ಕೆಂಪಾಗಿರಲಿಲ್ಲ. ಚಳಿಗೆ ಪಂಪು ಮಲಗಿತ್ತು, ಅಷ್ಟೇ. ಪೊಟ್ಯಾಸಿಯಂ ಯಾವಾಗಲೂ ಸೋರುತ್ತಲೇ ಇರುತ್ತದೆ, ಪಂಪು ಅದನ್ನು ವಾಪಸ್ ಎಳೆಯುತ್ತಲೇ ಇರುತ್ತದೆ. ಎಳೆಯೋದು ನಿಂತ ರಾತ್ರಿ ಸೋರಿದ್ದೆಲ್ಲ ಹೊರಗೇ ಉಳಿಯಿತು. ಬದುಕಿರೋದು ಅಂದರೆ ಹೀಗೆ ಸೋರಿದ್ದನ್ನು ತುಂಬಿಕೊಳ್ಳುತ್ತಾ ಇರೋದು ಅಂತ ಅವತ್ತು ಅನ್ನಿಸಿತು. ರಿಪೋರ್ಟಿನಲ್ಲಿ ಮಾತ್ರ 'ಮಾದರಿ ಸರಿಯಾಗಿ ಇಟ್ಟಿರಲಿಲ್ಲ' ಅಂತ ಬರೆದೆ.

ಸರಿ, ಇಷ್ಟೆಲ್ಲ ತಕರಾರು ಯಾಕೆ, ಮಕ್ಕಳಿಗೆ ಸುಲಭವಾಗಲಿ ಅಂತ ಜರಡಿ ಅಂದರೆ ಏನು ಮುಳುಗಿಹೋಯಿತು ಅಂತ ನೀವು ಕೇಳಬಹುದು. ಒಆರ್‌ಎಸ್ ಪುಡಿಯ ಉದಾಹರಣೆ ಕೊಡುತ್ತೇನೆ. ಭೇದಿಯಲ್ಲಿ ಕೊಡುವ ಆ ಪೊಟ್ಟಣದಲ್ಲಿ ಗ್ಲೂಕೋಸ್ ಯಾಕಿದೆ ಅಂತ ಕೇಳಿ ನೋಡಿ. ಹತ್ತರಲ್ಲಿ ಒಂಬತ್ತು ಜನ 'ಶಕ್ತಿ ಬರಲಿ ಅಂತ' ಅಥವಾ 'ರುಚಿಗೆ' ಅನ್ನುತ್ತಾರೆ. ನಮ್ಮ ಸಂಬಂಧಿಕರೊಬ್ಬರು ಒಂದು ಲೀಟರಿನ ಪೊಟ್ಟಣವನ್ನು ಒಂದೇ ಲೋಟ ನೀರಿಗೆ ಸುರಿದು ಮಗುವಿಗೆ ಕುಡಿಸುತ್ತಿದ್ದರು, ಗಟ್ಟಿಯಾಗಿದ್ದರೆ ಶಕ್ತಿ ಜಾಸ್ತಿ ಅಂತ. ನಾನು ಕೈ ಹಿಡಿದು ತಡೆಯಬೇಕಾಯಿತು.

ನಿಜ ಬೇರೆ ಇದೆ. ಕರುಳಿನ ಕೋಶಗಳ ಪೊರೆಯಲ್ಲಿ ಒಂದು ಜೋಡಿ ಬಾಗಿಲಿದೆ. ಅದರಲ್ಲಿ ಗ್ಲೂಕೋಸ್ ಒಂದೇ ಹೋಗೋಕಾಗೋದಿಲ್ಲ, ಸೋಡಿಯಂ ಒಂದೇ ಹೋಗೋಕೂ ಆಗೋದಿಲ್ಲ. 2 ಸೋಡಿಯಂ, 1 ಗ್ಲೂಕೋಸ್ ಜೊತೆಯಾಗಿ ಬಂದರೆ ಮಾತ್ರ ಬಾಗಿಲು ತಿರುಗುತ್ತದೆ. ಪಂಪು ಸೋಡಿಯಂನ್ನು ಹೊರಗೆ ತಳ್ಳಿ ಇಟ್ಟಿರುತ್ತದಲ್ಲ, ಅದು ಒಳಗೆ ಬರೋಕೆ ತವಕಿಸುತ್ತಿರುತ್ತದೆ, ಆ ರಭಸದಲ್ಲೇ ಗ್ಲೂಕೋಸ್‌ನ್ನೂ ಎಳೆದುಕೊಂಡು ಬರುತ್ತದೆ. ಇವೆರಡೂ ಒಳಗೆ ಹೋದರೆ ಹಿಂದೆಯೇ ನೀರು ಹೋಗುತ್ತದೆ. 1960ರಲ್ಲಿ ಪ್ರಾಗ್‌ನಲ್ಲಿ ನಡೆದ ಸಭೆಯೊಂದರಲ್ಲಿ ರಾಬರ್ಟ್ ಕ್ರೇನ್ ಈ ಜೋಡಿ ಸಾಗಣೆಯ ವಿಚಾರ ಮುಂದಿಟ್ಟರು. ಕಾಲರಾ ವಿಷ ಮಾಡುವುದು ಕರುಳಿನ ಕ್ಲೋರೈಡ್ ಬಾಗಿಲನ್ನು ತೆರೆದು ಇಟ್ಟುಬಿಡುವ ಕೆಲಸ. ಕ್ಲೋರೈಡ್ ಹೊರಗೆ ಸುರಿಯುತ್ತದೆ, ಸೋಡಿಯಂ ಮತ್ತು ನೀರು ಅದರ ಬೆನ್ನು ಹತ್ತುತ್ತವೆ, ಮನುಷ್ಯ ಕೆಲವೇ ಗಂಟೆಗಳಲ್ಲಿ ಬತ್ತಿಹೋಗುತ್ತಾನೆ. ಆದರೆ ಆ ಜೋಡಿ ಬಾಗಿಲು ಮಾತ್ರ ಕೆಡುವುದಿಲ್ಲ. ಒಆರ್‌ಎಸ್‌ನ ಗುಟ್ಟು ಅಲ್ಲಿದೆ. ಬರೀ ಉಪ್ಪುನೀರು ಕುಡಿಸಿದರೆ ಉಪಯೋಗ ಕಮ್ಮಿ, ಜೊತೆಗೆ ಗ್ಲೂಕೋಸ್ ಇದ್ದರೆ ಉಪ್ಪು ಒಳಗೆ ಹೋಗುತ್ತದೆ. ಅಲ್ಲಿ ಗ್ಲೂಕೋಸ್ ಸೋಡಿಯಂನ ಜೊತೆಗಾರ.

1971ರಲ್ಲಿ ಬಾಂಗ್ಲಾದೇಶದ ಯುದ್ಧದ ಸಮಯ, ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ನಿರಾಶ್ರಿತರ ನಡುವೆ ಕಾಲರಾ. ರಕ್ತನಾಳಕ್ಕೆ ಹಾಕುವ ದ್ರವ ಮುಗಿಯುತ್ತಾ ಬಂದಿತ್ತು. ಡಾ. ದಿಲೀಪ್ ಮಹಲನಬೀಸ್ ಉಪ್ಪು, ಗ್ಲೂಕೋಸ್ ತೂಕ ಮಾಡಿ ಪೊಟ್ಟಣ ಕಟ್ಟಿಸಿ, ಡ್ರಮ್ಮುಗಳಲ್ಲಿ ಕಲಸಿ, ರೋಗಿಗಳ ಕಡೆಯವರ ಕೈಗೇ ಲೋಟ ಕೊಟ್ಟು ಕುಡಿಸಿದರು. ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗೆ ಬಂತು. ಅವರು ತೀರಿಕೊಂಡ ಮೇಲೆ, 2023ರಲ್ಲಿ, ಪದ್ಮವಿಭೂಷಣ ಬಂತು. ಬದುಕಿದ್ದಾಗ ಕೊಡಬಾರದಿತ್ತೇ ಅನ್ನೋದು ಬೇರೆ ಪತ್ರಕ್ಕಿರಲಿ.

ಗಟ್ಟಿಯಾಗಿ ಕಲಸಿದರೆ ಏನಾಗುತ್ತದೆ? ಜೋಡಿ ಬಾಗಿಲುಗಳ ಸಂಖ್ಯೆಗೆ ಮಿತಿ ಇದೆ. ಅವು ಸಾಗಿಸಿ ಮುಗಿಸಲಾಗದಷ್ಟು ಸಕ್ಕರೆ, ಉಪ್ಪು ಕರುಳಿನಲ್ಲಿ ನಿಂತರೆ ಅದು ಮೈಯೊಳಗಿನ ನೀರನ್ನೇ ಕರುಳಿಗೆ ಎಳೆಯುತ್ತದೆ, ಭೇದಿ ಜಾಸ್ತಿಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಹಳೆಯ ಮಿಶ್ರಣವನ್ನೇ ತೆಳು ಮಾಡಿತು, ಈಗ ಒಂದು ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ, ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಸಿಟ್ರೇಟ್. ಸೋಡಿಯಂ, ಗ್ಲೂಕೋಸ್ ಎರಡರ ಅಣುಗಳ ಎಣಿಕೆಯೂ ಸಮ, ಲೀಟರಿಗೆ 75 ಮಿಲಿಮೋಲ್. ಪೊಟ್ಟಣದ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟೇ ಹಾಕಿ. ಜರಡಿ ಅಂತ ಕಲಿತ ಹುಡುಗನಿಗೆ ಇದರಲ್ಲಿ ಒಂದಾದರೂ ಅರ್ಥ ಆಗುತ್ತದಾ ಹೇಳಿ.

ಇನ್ನು ನಿಮ್ಮ ಎರಡನೇ ಸಾಲು, ಬೇಕಾದ್ದನ್ನು ಬಿಡುತ್ತದೆ, ಬೇಡವಾದ್ದನ್ನು ತಡೆಯುತ್ತದೆ ಅನ್ನೋದು. ಕೇಳೋಕೆ ಚೆನ್ನಾಗಿದೆ, ಪೊರೆಗೆ ಬುದ್ಧಿ ಇರುವ ಹಾಗೆ. ಥ್ಯಾಲಿಯಂ ಭಯಂಕರ ವಿಷ, ಅದು ಪೊಟ್ಯಾಸಿಯಂನ ಅಳತೆಯಲ್ಲೇ ಇರುವುದರಿಂದ ಪೊಟ್ಯಾಸಿಯಂನ ಬಾಗಿಲಲ್ಲೇ ರಾಜಾರೋಷವಾಗಿ ಒಳಗೆ ಹೋಗುತ್ತದೆ. ಆರ್ಸೆನಿಕ್‌ನ ಒಂದು ರೂಪ ಗ್ಲಿಸರಾಲ್ ಬಾಗಿಲಲ್ಲಿ ನುಸುಳುತ್ತದೆ. ಕಾರ್ಬನ್ ಮಾನಾಕ್ಸೈಡಿಗಂತೂ ಬಾಗಿಲೇ ಬೇಡ, ಎಣ್ಣೆಯಲ್ಲಿ ನೇರ ದಾಟುತ್ತದೆ. ಪೊರೆಗೆ ಬೇಕು ಬೇಡ ಗೊತ್ತಿಲ್ಲ. ಆಕಾರ, ಆವೇಶ, ಎಣ್ಣೆಯ ನಂಟು, ಅದಕ್ಕೆ ಇಷ್ಟೇ ಗೊತ್ತು.

ಇನ್ಸುಲಿನ್ ಬಗ್ಗೆಯೂ ಒಂದು ಮಾತು, ಯಾಕೆಂದರೆ ಅದೇ ಪುಟದಲ್ಲಿ 'ಇನ್ಸುಲಿನ್ ಕೋಶದ ಬೀಗ ತೆಗೆಯುವ ಕೀಲಿ' ಅಂತ ಬಂದಿತ್ತು. ಪರವಾಗಿಲ್ಲ, ಜರಡಿಯಷ್ಟು ಕೆಟ್ಟದ್ದಲ್ಲ. ಆದರೆ ಸ್ನಾಯುವಿನ ಕೋಶದಲ್ಲಿ ಇನ್ಸುಲಿನ್ ಮುಚ್ಚಿದ ಬಾಗಿಲನ್ನು ತೆಗೆಯೋದಿಲ್ಲ. ಗ್ಲೂಕೋಸ್‌ನ ಬಾಗಿಲುಗಳು ಒಳಗೆ ಸಣ್ಣ ಗುಳ್ಳೆಗಳಲ್ಲಿ ಮಡಚಿಟ್ಟ ಹಾಗೆ ಇರುತ್ತವೆ, ಇನ್ಸುಲಿನ್ ಸುದ್ದಿ ಬಂದ ಮೇಲೆ ಆ ಗುಳ್ಳೆಗಳು ಬಂದು ಪೊರೆಗೆ ಸೇರಿಕೊಳ್ಳುತ್ತವೆ, ಆಗ ಅಲ್ಲಿ ಬಾಗಿಲು ಹುಟ್ಟುತ್ತದೆ. ವ್ಯಾಯಾಮ ಮಾಡಿದರೂ ಅವು ಮೇಲೆ ಬರುತ್ತವೆ, ಇನ್ಸುಲಿನ್ ಇಲ್ಲದೆಯೇ. ಡಾಕ್ಟರು ನಡೆಯಿರಿ ನಡೆಯಿರಿ ಅನ್ನೋದಕ್ಕೆ ಅದೂ ಒಂದು ಕಾರಣ.

ನನ್ನ ಕೋರಿಕೆ ಚಿಕ್ಕದು. ತಿದ್ದುಪಡಿ ಅಂತ ಮೂಲೆಯಲ್ಲಿ ಎರಡು ಸಾಲು ಹಾಕಬೇಡಿ, ಅದನ್ನು ಯಾರೂ ಓದೋದಿಲ್ಲ. ಚಿತ್ರವನ್ನೇ ಮತ್ತೆ ಹಾಕಿ. ಚುಕ್ಕಿ ಗೆರೆ ಅಳಿಸಿ, ಎರಡು ಸಾಲಿನ ಎಣ್ಣೆ ಪದರ ಬರೆಸಿ, ನಡುನಡುವೆ ನಾಲ್ಕೈದು ಬೇರೆ ಬೇರೆ ಬಾಗಿಲು, ಒಂದು ಪಂಪು. ಜಾಗ ಉಳಿದರೆ ಪಕ್ಕದಲ್ಲಿ ಆ ನಾಲ್ಕು ಟ್ಯೂಬುಗಳನ್ನೂ ಹಾಕಿ. ನಾನೇ ಬರೆದು ಕಳಿಸಬಲ್ಲೆ, ನನ್ನ ಚಿತ್ರ ಅಷ್ಟಕ್ಕಷ್ಟೇ, ನಿಮ್ಮ ಕಲಾವಿದರು ತಿದ್ದಿಕೊಳ್ಳಲಿ. ಆದರೆ ಟ್ಯೂಬುಗಳ ಹಿಂದೆ ಒಂದು ಪತ್ರಿಕೆಯ ಹಾಳೆ ಇರಲಿ, ನಿಮ್ಮ ಪತ್ರಿಕೆಯದ್ದೇ ಆಗಬಹುದು. ಯೂರಿಯಾ ಮತ್ತು ಗ್ಲಿಸರಾಲ್ ಟ್ಯೂಬಿನ ಹಿಂದೆ ಅಕ್ಷರ ಓದಲು ಬರುವ ಹಾಗೆ, ಸಕ್ಕರೆ ಮತ್ತು ಉಪ್ಪಿನ ಹಿಂದೆ ಬರದ ಹಾಗೆ. ಕೆಳಗೆ ಏನೂ ವಿವರಣೆ ಬೇಡ, 'ಹಾಗಾದ್ರೆ ಉಪ್ಪು?' ಅಂತ ಮಾತ್ರ ಬರೆಯಿರಿ.

ಇತಿ,
ನಿವೃತ್ತ ಪ್ರಯೋಗಾಲಯ ಬೋಧಕ